ಅಚ್ಚಿಗೆ ಹೋಗುವ ಮುಂಚಿನ ಕೊನೆಯ ತಿದ್ದುಪಡಿ

(ಟ್ರೇಡಿಂಗ್ ಕಾರ್ಡ್ ಆಟಗಳ ವಿನ್ಯಾಸ ನಿರ್ದೇಶಕರ ಕೆಲಸದ ಬಗ್ಗೆ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಪರದೆಯ ಮೇಲೆ ತೋರಿಸಿದ ಕಾರ್ಡುಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪರದೆಯ ಮೇಲೆ ಐದು ಕಾರ್ಡುಗಳಿವೆ, ನೋಡಿ. 1993ರಲ್ಲಿ ಬಂದ ‘ಮ್ಯಾಜಿಕ್: ದ ಗ್ಯಾದರಿಂಗ್’ ಆಟದ ಮೊಟ್ಟಮೊದಲ ಮುದ್ರಣದವು. ಆಡಿ ಗೊತ್ತಿಲ್ಲದವರಿಗೆ ಎರಡೇ ಮಾತು: ಈ ಆಟದಲ್ಲಿ ಲ್ಯಾಂಡ್ ಕಾರ್ಡುಗಳಿಂದ ಮನಾ ಅನ್ನುವ ಶಕ್ತಿ ಹುಟ್ಟುತ್ತದೆ, ಆ ಮನಾ ಖರ್ಚು ಮಾಡಿ ಉಳಿದ ಕಾರ್ಡುಗಳನ್ನು ಆಡಬೇಕು. ಎದುರಾಳಿಯ 20 ಜೀವವನ್ನು ಸೊನ್ನೆಗಿಳಿಸಿದರೆ ಗೆದ್ದಂತೆ.

ಆಟದ ಐದು ಬಣ್ಣಗಳಿಗೆ ಒಂದೊಂದರಂತೆ ಇರುವ ಈ ಐದಕ್ಕೂ ತಗಲುವುದು ಒಂದೊಂದೇ ಮನಾ. ಐದೂ ಏನಾದರೊಂದನ್ನು ಮೂರರ ಲೆಕ್ಕದಲ್ಲಿ ಕೊಡುತ್ತವೆ. ಬಿಳಿಯ ಹೀಲಿಂಗ್ ಸಾಲ್ವ್ ಮೂರು ಜೀವ ಕೊಡುತ್ತದೆ, ಇಲ್ಲವೇ ಮೂರು ಡ್ಯಾಮೇಜ್ ತಡೆಯುತ್ತದೆ. ಕೆಂಪಿನ ಲೈಟ್ನಿಂಗ್ ಬೋಲ್ಟ್ ಮೂರು ಡ್ಯಾಮೇಜ್ ಮಾಡುತ್ತದೆ. ಹಸಿರಿನ ಜೈಂಟ್ ಗ್ರೋತ್ ಕಾದಾಡುವ ಒಂದು ಜೀವಿಯನ್ನು ಆ ಸರದಿಯ ಮಟ್ಟಿಗೆ ಬಲದಲ್ಲೂ ತಾಳಿಕೆಯಲ್ಲೂ ಮೂರು-ಮೂರು ಬೆಳೆಸುತ್ತದೆ. ಕಪ್ಪಿನ ಡಾರ್ಕ್ ರಿಚುಯಲ್‌ನಿಂದ ಮೂರು ಮನಾ ಬರುತ್ತದೆ. ನೀಲಿಯ ಆನ್ಸೆಸ್ಟ್ರಲ್ ರೀಕಾಲ್ ಹಾಕಿದರೆ ಮೂರು ಕಾರ್ಡು ಎಳೆದುಕೊಳ್ಳಬಹುದು.

ಓದುವಾಗ ಐದೂ ಒಂದೇ ತೂಕದವು ಅನಿಸುತ್ತದೆ. ಆಡಲು ಕೂತರೆ ಅಜಗಜಾಂತರ. ಹೀಲಿಂಗ್ ಸಾಲ್ವ್ ಯಾರಿಗೂ ಬೇಡ. ಆನ್ಸೆಸ್ಟ್ರಲ್ ರೀಕಾಲ್ ಈ ಆಟದ ಇತಿಹಾಸದಲ್ಲೇ ಅತಿ ಬಲಿಷ್ಠ ಅನ್ನಿಸಿಕೊಂಡ ಒಂಬತ್ತು ಕಾರ್ಡುಗಳಲ್ಲಿ ಒಂದು. ಆಟ ರಚಿಸಿದ ರಿಚರ್ಡ್ ಗಾರ್ಫೀಲ್ಡ್ ಗಣಿತದವರು, ಕಾಂಬಿನೇಟರಿಕ್ಸ್‌ನಲ್ಲಿ ಪಿಎಚ್‌.ಡಿ. ಮಾಡಿದವರು. ಅವರಿಗೆ ಇದು ಹೊಳೆದಿರಲಿಲ್ಲ ಅಂದುಕೊಳ್ಳಬೇಡಿ. ಉಳಿದ ನಾಲ್ಕೂ ಸುಲಭವಾಗಿ ಸಿಗುವ ಕಾಮನ್ ದರ್ಜೆಯಲ್ಲಿ ಅಚ್ಚಾದವು, ಇದೊಂದೇ ಅಪರೂಪದ ರೇರ್. ಜನ ಒಳಗೇನಿದೆ ಎಂದು ಕಾಣದ ಒಂದಿಷ್ಟು ಪ್ಯಾಕ್ ಕೊಳ್ಳುತ್ತಾರೆ, ಒಂದು ಗೆಳೆಯರ ಗುಂಪಿನಲ್ಲಿ ಇಂಥ ಕಾರ್ಡು ಒಂದೋ ಎರಡೋ ಇದ್ದೀತು, ಅಪರೂಪವೇ ಅದಕ್ಕೆ ಲಗಾಮು ಅನ್ನುವ ಲೆಕ್ಕಾಚಾರ. ಆದರೆ ಜನ ಪೆಟ್ಟಿಗೆಗಟ್ಟಲೆ ಕೊಂಡರು. ಒಂದೇ ಕಾರ್ಡನ್ನು ಡೆಕ್‌ನಲ್ಲಿ, ಅಂದರೆ ಆಡಲು ಜೋಡಿಸಿಕೊಂಡ ಕಾರ್ಡುಗಳ ಕಟ್ಟಿನಲ್ಲಿ, ಇಷ್ಟೇ ಇಟ್ಟುಕೊಳ್ಳಬೇಕು ಅನ್ನುವ ಮಿತಿ ಆಗ ಮೂಲ ನಿಯಮದಲ್ಲಿ ಇರಲಿಲ್ಲ, ಸಿಕ್ಕಷ್ಟೂ ತುಂಬಿಕೊಂಡರು. 1994ರ ಹೊತ್ತಿಗೆ ಪಂದ್ಯಾವಳಿಗಳಲ್ಲಿ ಅದನ್ನು ಡೆಕ್‌ಗೆ ಒಂದೇ ಎಂದು ನಿರ್ಬಂಧಿಸಬೇಕಾಯಿತು.

ಇದನ್ನು ಯಾಕೆ ಮೊದಲಿಗೇ ಹೇಳಿದೆ ಅಂದರೆ, ವಿನ್ಯಾಸ ನಿರ್ದೇಶಕರು ಅಂದಕೂಡಲೇ ಒಳ್ಳೊಳ್ಳೆಯ ಕಾರ್ಡು ಹೊಸೆಯುವವರು ಅಂತ ಬಹಳ ಜನ ತಿಳಿದಿದ್ದಾರೆ. ಕಾರ್ಡು ಹೊಸೆಯುವವರು ತಂಡದಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ನಿರ್ದೇಶಕರ ತಲೆಬಿಸಿ ಬೇರೆ. ಕಾಗದದ ಕಾರ್ಡು ಒಮ್ಮೆ ಅಚ್ಚಾದರೆ ಮುಗಿಯಿತು, ತಿದ್ದಲು ಬರುವುದಿಲ್ಲ. ದೊಡ್ಡ ಆಟಗಳಲ್ಲಿ ಒಂದು ಸೆಟ್‌ನ, ಅಂದರೆ ಒಟ್ಟಿಗೆ ಬಿಡುಗಡೆಯಾಗುವ ಕಾರ್ಡುಗಳ ಗುಂಪಿನ, ಕೆಲಸ ಅದು ಅಂಗಡಿಗೆ ಬರುವ ಸುಮಾರು ಎರಡು ವರ್ಷ ಮೊದಲೇ ಶುರುವಾಗಿರುತ್ತದೆ. ಆ ಎರಡು ವರ್ಷ ಅದನ್ನು ಆಡಿ ನೋಡುವವರು ಬೆರಳೆಣಿಕೆಯ ಮಂದಿ. ಬಿಡುಗಡೆಯಾದ ಮೊದಲ ವಾರಾಂತ್ಯದಲ್ಲೇ ಆಟಗಾರರು ಆ ತಂಡ ಎರಡು ವರ್ಷದಲ್ಲಿ ಆಡಿದ್ದಕ್ಕಿಂತ ಹೆಚ್ಚು ಆಟ ಆಡಿ ಮುಗಿಸಿರುತ್ತಾರೆ. ಈ ಲೆಕ್ಕದಲ್ಲಿ ತಂಡ ಯಾವತ್ತೂ ಗೆಲ್ಲುವುದಿಲ್ಲ. ಹಾಗಿದ್ದಮೇಲೆ ಯಾವ ತಪ್ಪನ್ನು ಯಾವ ಹಂತದಲ್ಲಿ ಹಿಡಿಯಬೇಕು, ಯಾವ ಹಂತ ದಾಟಿದ ಮೇಲೆ ಯಾವುದಕ್ಕೆ ಕೈ ಹಾಕಕೂಡದು ಎಂದು ಗೆರೆ ಎಳೆಯುವುದೇ ನಿರ್ದೇಶಕರ ನಿಜವಾದ ಕೆಲಸ. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ಮ್ಯಾಜಿಕ್ ಪ್ರಕಟಿಸುವ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ 2017ರ ಸುಮಾರಿಗೆ ತನ್ನ ಕೆಲಸದ ಹಂತಗಳನ್ನು ಬದಲಾಯಿಸಿತು. ಮೊದಲು ವಿಷನ್ ಡಿಸೈನ್. ಸೆಟ್ ಯಾವುದರ ಬಗ್ಗೆ, ಅದರಲ್ಲಿ ಹೊಸತೇನು ಎಂದು ಇಲ್ಲಿ ಹುಡುಕುತ್ತಾರೆ. ಆಮೇಲೆ ಸೆಟ್ ಡಿಸೈನ್, ಇಲ್ಲಿ ನಿಜವಾದ ಕಾರ್ಡುಗಳು ರೂಪಕ್ಕೆ ಬರುತ್ತವೆ. ಕೊನೆಗೆ ಪ್ಲೇ ಡಿಸೈನ್. ಪಂದ್ಯಾವಳಿ ಮಟ್ಟದ ಆಟಗಾರರು ಕೂತು ಇದನ್ನು ಮುರಿಯುವುದು ಹೇಗೆ ಎಂದು ನೋಡುತ್ತಾರೆ. 2003ರಿಂದ ಆ ಆಟದ ಮುಖ್ಯ ವಿನ್ಯಾಸಕರಾಗಿರುವ ಮಾರ್ಕ್ ರೋಸ್‌ವಾಟರ್ ಈ ಒಳಗಿನ ವಿಚಾರಗಳನ್ನೆಲ್ಲ ವರ್ಷಗಟ್ಟಲೆ ಬಹಿರಂಗವಾಗಿ ಬರೆಯುತ್ತಾ ಬಂದಿದ್ದಾರೆ. ನಮ್ಮ ಕಸುಬಿನಲ್ಲಿ ಇವತ್ತು ಎಲ್ಲರೂ ಬಳಸುವ ಮಾತುಗಳಲ್ಲಿ ಅರ್ಧಕ್ಕರ್ಧ ಅಲ್ಲಿಂದ ಬಂದವು.

ಸೆಟ್‌ನ ಕೆಲಸ ಶುರುವಾಗುವುದು ಖಾಲಿ ಪಟ್ಟಿಯಿಂದ. ಇದಕ್ಕೆ ಸ್ಕೆಲಿಟನ್ ಅಂತಾರೆ. ಒಂದೊಂದು ಸಾಲಿಗೆ ಒಂದೊಂದು ಸಂಕೇತ: ಸಿ-ಡಬ್ಲ್ಯೂ-01 ಅಂದರೆ ಬಿಳಿ ಬಣ್ಣದ ಕಾಮನ್, ಮೊದಲನೆಯದು. ಹೆಸರಿಲ್ಲ, ಚಿತ್ರವಿಲ್ಲ, ‘ಎರಡು ಮನಾದ ಪುಟ್ಟ ಜೀವಿ’ ಎಂದಷ್ಟೇ ಬರೆದಿರುತ್ತದೆ. ಆಡಿ ನೋಡಲು ಹಳೆಯ ಕಾರ್ಡುಗಳ ಮೇಲೆ ಸ್ಟಿಕ್ಕರ್ ಅಂಟಿಸಿಕೊಳ್ಳುತ್ತಾರೆ. ಒಂದು ಕಾರ್ಡು ಸರಿಹೋಗಲಿಲ್ಲ ಅಂತ ಕಿತ್ತು ಹಾಕಿದರೆ ಪಟ್ಟಿಯಲ್ಲಿ ಒಂದು ತೂತು ಬೀಳುತ್ತದೆ. ಅದೇ ಬಣ್ಣ, ಅದೇ ದರ್ಜೆ, ಹೆಚ್ಚುಕಡಿಮೆ ಅದೇ ಕೆಲಸದ ಇನ್ನೊಂದನ್ನು ಅಲ್ಲಿಗೆ ತುಂಬಬೇಕು. ಹೊಸಬರಿಗೆ ಇದು ಬೇಸರದ ಕೆಲಸ ಅನಿಸುತ್ತದೆ. ನನಗೆ ಇಷ್ಟದ ಕೆಲಸವೇ ಇದು. ಖಾಲಿ ಹಾಳೆಯ ಮೇಲೆ ಯಾರು ಬೇಕಾದರೂ ಏನಾದರೊಂದು ಬರೆದಾರು.

ಇನ್ನು ಒಂದು ಲೆಕ್ಕ. ಆಸ್-ಫ್ಯಾನ್ ಅಂತ ಕರೆಯುತ್ತಾರೆ. ಒಂದು ಬೂಸ್ಟರ್ ಪ್ಯಾಕ್ ಒಡೆದು ಕೈಯಲ್ಲಿ ಹರಡಿ ಹಿಡಿದರೆ, ನಿಮ್ಮ ಸೆಟ್‌ನ ಮುಖ್ಯ ವಿಷಯಕ್ಕೆ ಸೇರಿದ ಕಾರ್ಡುಗಳು ಸರಾಸರಿ ಎಷ್ಟು ಕಣ್ಣಿಗೆ ಬೀಳುತ್ತವೆ ಅನ್ನುವುದು. ಪ್ಯಾಕ್‌ನಲ್ಲಿ 10 ಕಾಮನ್, 3 ಅನ್‌ಕಾಮನ್, 1 ರೇರ್ ಅಂದುಕೊಳ್ಳಿ. ಸೆಟ್‌ನಲ್ಲಿ 100 ಕಾಮನ್ ಇವೆ, ಅವುಗಳಲ್ಲಿ 20 ಗ್ರೇವ್‌ಯಾರ್ಡ್‌ಗೆ, ಅಂದರೆ ಬಳಸಿ ಮುಗಿದ ಮತ್ತು ಸತ್ತ ಕಾರ್ಡುಗಳು ಸೇರುವ ರಾಶಿಗೆ, ಸಂಬಂಧಪಟ್ಟವು. 80 ಅನ್‌ಕಾಮನ್‌ಗಳಲ್ಲಿ 16. ರೇರ್ ಬಿಡಿ. ಹಾಗಾದರೆ ಒಂದು ಪ್ಯಾಕ್‌ನಲ್ಲಿ ಕಾಮನ್‌ನಿಂದ 2, ಅನ್‌ಕಾಮನ್‌ನಿಂದ 0.6, ಒಟ್ಟು 2.6. ಎಂಟು ಜನ ಮೇಜಿನ ಸುತ್ತ ಕೂತು ತಲಾ ಮೂರು ಪ್ಯಾಕ್ ಒಡೆದು, ಒಂದೊಂದೇ ಕಾರ್ಡು ಆರಿಸಿ ಉಳಿದದ್ದನ್ನು ಪಕ್ಕದವರಿಗೆ ದಾಟಿಸುತ್ತಾ ಡೆಕ್ ಕಟ್ಟುವ ಡ್ರಾಫ್ಟ್ ಆಡಿದರೆ 24 ಪ್ಯಾಕ್, ಅಂದರೆ ಮೇಜಿನ ಮೇಲೆ ಸುಮಾರು 62 ಗ್ರೇವ್‌ಯಾರ್ಡ್ ಕಾರ್ಡು. ಡ್ರಾಫ್ಟ್ ಡೆಕ್‌ಗೆ ಲ್ಯಾಂಡ್ ಬಿಟ್ಟು 23 ಕಾರ್ಡು ಬೇಕು. ನಾಲ್ಕು ಜನ ಈ ದಾರಿ ಹಿಡಿದರೆ ತಲಾ ಹದಿನೈದು ಸಿಗುತ್ತವೆ, ಡೆಕ್ ನಿಲ್ಲುತ್ತದೆ. ಎಂಟೂ ಜನ ಹಿಡಿದರೆ ತಲಾ ಎಂಟೂ ಸಿಗುವುದಿಲ್ಲ, ಎಲ್ಲರ ಡೆಕ್ಕೂ ಕುಂಟುತ್ತದೆ. ‘ಈ ಸೆಟ್ ಗ್ರೇವ್‌ಯಾರ್ಡ್ ಬಗ್ಗೆ’ ಎಂದು ಪೆಟ್ಟಿಗೆಯ ಮೇಲೆ ಎಷ್ಟು ದೊಡ್ಡದಾಗಿ ಬರೆದರೂ ಈ 2.6ರ ಜಾಗದಲ್ಲಿ ಬರುವ ಸಂಖ್ಯೆ 1ಕ್ಕಿಂತ ಕೆಳಗಿದ್ದರೆ ಆಟಗಾರರಿಗೆ ಅದು ಕಾಣುವುದೇ ಇಲ್ಲ. ಸೆಟ್‌ನ ಕಥೆ, ಹೆಸರು, ಜಾಹೀರಾತಿನ ಬಗ್ಗೆ ಗಂಟೆಗಟ್ಟಲೆ ಚರ್ಚೆ ನಡೆಯುವ ಸಭೆಗಳಲ್ಲಿ ನಿರ್ದೇಶಕರು ಈ ಸಂಖ್ಯೆಯನ್ನು ಹಿಡಿದು ಕೂತಿರಬೇಕು.

ಚಿತ್ರದ ವಿಚಾರ ಇನ್ನೂ ಮಜವಾಗಿದೆ. ಕಲಾವಿದರಿಗೆ ತಿಂಗಳುಗಟ್ಟಲೆ ಸಮಯ ಬೇಕು, ಹಾಗಾಗಿ ಕಾರ್ಡು ಪಕ್ಕಾ ಆಗುವ ಮೊದಲೇ ಚಿತ್ರಕ್ಕೆ ಹೇಳಿಬಿಟ್ಟಿರುತ್ತಾರೆ. ಚಿತ್ರ ಬಂದ ಮೇಲೆ ಅದರಲ್ಲಿ ದೊಡ್ಡ ರೆಕ್ಕೆಯ ಪ್ರಾಣಿ ಆಕಾಶದಲ್ಲಿದ್ದರೆ ಆ ಕಾರ್ಡಿಗೆ ಫ್ಲೈಯಿಂಗ್ ಇರಲೇಬೇಕು. ‘ಇದು ಬಲ ಜಾಸ್ತಿಯಾಯಿತು, ಫ್ಲೈಯಿಂಗ್ ತೆಗೆಯೋಣ’ ಅನ್ನುವ ಸ್ವಾತಂತ್ರ್ಯ ಹೋಯಿತು. ಮನಾ ಬೆಲೆ ಏರಿಸಬಹುದು, ಬಲ ಇಳಿಸಬಹುದು, ಹೆಚ್ಚೆಂದರೆ ಆ ಚಿತ್ರವನ್ನು ಹಾರುವ ಇನ್ನೊಂದು ಕಾರ್ಡಿಗೆ ಕೊಟ್ಟು ಇದಕ್ಕೆ ಬೇರೆ ಹುಡುಕಬಹುದು. ಹೀಗೆ ತಿಂಗಳು ಕಳೆದಂತೆ ತಿದ್ದುವ ಜಾಗ ಚಿಕ್ಕದಾಗುತ್ತಾ ಹೋಗುತ್ತದೆ. ಕೊನೆಗೆ ಉಳಿಯುವುದು ಅಂಕಿ ಮತ್ತು ಒಂದೆರಡು ಪದ. ಅಪಾಯ ಇರುವುದು ಅಲ್ಲೇ.

ಈಗ ಎರಡು ಕಾರ್ಡು ತೋರಿಸುತ್ತೇನೆ. ಇವೆರಡರ ನಡುವೆ ಇಪ್ಪತ್ತು ವರ್ಷದ ಅಂತರ ಇದೆ.

ಮೊದಲನೆಯದು 2004ರ ಫೆಬ್ರವರಿಯ ಡಾರ್ಕ್‌ಸ್ಟೀಲ್ ಸೆಟ್‌ನ ಸ್ಕಲ್‌ಕ್ಲ್ಯಾಂಪ್. ಒಂದು ಮನಾದ ಸಲಕರಣೆ. ಇನ್ನೊಂದು ಮನಾ ಕೊಟ್ಟು ಇದನ್ನು ಒಂದು ಜೀವಿಗೆ ತೊಡಿಸಬಹುದು. ತೊಟ್ಟ ಜೀವಿಗೆ ಬಲ ಒಂದು ಹೆಚ್ಚುತ್ತದೆ, ತಾಳಿಕೆ ಒಂದು ಕಡಿಮೆಯಾಗುತ್ತದೆ; ತಾಳಿಕೆ ಸೊನ್ನೆಯಾದರೆ ಜೀವಿ ಸಾಯುತ್ತದೆ. ಆ ಜೀವಿ ಸತ್ತರೆ ನಿಮಗೆ ಎರಡು ಕಾರ್ಡು. ತಾಳಿಕೆ ಕಡಿಮೆಯಾಗುವ ಆ ಮೈನಸ್ ಒಂದು ತಯಾರಿಯ ಕೊನೆಯ ಹಂತದಲ್ಲಿ ಸೇರಿದ್ದು. ನೋಡಿದವರಿಗೆ ಅದು ಶಿಕ್ಷೆಯ ಹಾಗೆ ಕಾಣುತ್ತದೆ, ಕಾರ್ಡನ್ನು ದುರ್ಬಲ ಮಾಡಿದ ಹಾಗೆ. ಆಡಿ ನೋಡಿ: ತಾಳಿಕೆ ಒಂದೇ ಇರುವ ಪುಟ್ಟ ಜೀವಿಗೆ ತೊಡಿಸಿದರೆ ಅದು ಅಲ್ಲೇ ಸಾಯುತ್ತದೆ. ಒಂದು ಮನಾಕ್ಕೆ ಎರಡು ಕಾರ್ಡು. ಇನ್ನೊಂದಕ್ಕೆ ತೊಡಿಸಿ, ಮತ್ತೆ ಎರಡು. ಸಲಕರಣೆ ಮಾತ್ರ ಸವೆಯುವುದಿಲ್ಲ. ಆ ವರ್ಷ ಜೂನ್‌ನಲ್ಲೇ, ಈಚಿನ ಸೆಟ್‌ಗಳನ್ನು ಮಾತ್ರ ಬಳಸಿ ಆಡುವ ಸ್ಟ್ಯಾಂಡರ್ಡ್ ಮಾದರಿಯಲ್ಲಿ ಅದನ್ನು ಬ್ಯಾನ್ ಮಾಡಿದರು.

ಎರಡನೆಯದು 2024ರ ಜೂನ್‌ನಲ್ಲಿ ಮಾಡರ್ನ್ ಹೊರೈಝನ್ಸ್ 3 ಸೆಟ್‌ನಲ್ಲಿ ಬಂದ ‘ನಾಡು, ವಿಂಗ್ಡ್ ವಿಸ್ಡಮ್’ ಎಂಬ ಕಾರ್ಡು. ನಿಮ್ಮ ಯಾವುದೇ ಜೀವಿಯನ್ನು ಒಂದು ಮಂತ್ರವೋ ಸಾಮರ್ಥ್ಯವೋ ಗುರಿ ಮಾಡಿದರೆ, ಡೆಕ್‌ನ ಮೇಲಿನ ಕಾರ್ಡು ತೆರೆದು ನೋಡಿ, ಲ್ಯಾಂಡ್ ಆದರೆ ಆಟಕ್ಕೆ, ಇಲ್ಲವಾದರೆ ಕೈಗೆ. ಒಂದೊಂದು ಜೀವಿಗೆ ಒಂದು ಸರದಿಯಲ್ಲಿ ಎರಡು ಸಲ ಮಾತ್ರ. ‘ಎರಡೇ ಸಲ’ ಅನ್ನುವ ಕಟ್ಟು ಇದೆಯಲ್ಲ, ಓದಿದವರಿಗೆ ಸಮಾಧಾನವಾಗುತ್ತದೆ. ಆದರೆ ಆ ಎರಡು ಸಲ ಪ್ರತಿ ಜೀವಿಗೂ ಬೇರೆ ಬೇರೆ. 2005ರಲ್ಲಿ ಅಚ್ಚಾದ ಶುಕೋ ಎಂಬ ಹಳೆಯ ಸಲಕರಣೆಯನ್ನು ತೊಡಿಸಲು ತಗಲುವ ಮನಾ ಸೊನ್ನೆ. ತೊಡಿಸಿದ ಪ್ರತಿಸಲ ಅದು ಜೀವಿಯನ್ನು ಗುರಿ ಮಾಡುತ್ತದೆ. ಬಿಟ್ಟಿಯಾಗಿ ಒಂದೊಂದೇ ಜೀವಿಗೆ ಎರಡೆರಡು ಸಲ ತೊಡಿಸುತ್ತಾ, ಅರ್ಧ ಡೆಕ್ ಕೈಗೆ ಬರುವವರೆಗೆ ಎದುರಾಳಿ ಸುಮ್ಮನೆ ಕೂತು ನೋಡಬೇಕು. ಆಗಸ್ಟ್ ಕೊನೆಗೆ, ಹಳೆಯ ಸೆಟ್‌ಗಳೂ ನಡೆಯುವ ಮಾಡರ್ನ್ ಮಾದರಿಯಲ್ಲಿ ನಾಡು ಕಾರ್ಡು ಬ್ಯಾನ್ ಆಯಿತು. ಈ ಕಾರ್ಡಿನ ರೂಪ ತೀರಾ ತಡವಾಗಿ ಬದಲಾಯಿತು, ಬದಲಾದ ರೂಪವನ್ನು ಆಡಿ ನೋಡಿರಲಿಲ್ಲ ಎಂದು ಸಂಸ್ಥೆಯ ಕಡೆಯಿಂದಲೇ ಬಹಿರಂಗವಾಗಿ ಬರೆದರು. ಹಾಗೆ ಬರೆದದ್ದು ದೊಡ್ಡ ಮಾತು ಅಂತ ನನಗನಿಸುತ್ತದೆ, ಈ ಉದ್ಯಮದಲ್ಲಿ ಅಷ್ಟು ಸ್ಪಷ್ಟವಾಗಿ ಹೇಳುವವರು ಕಡಿಮೆ.

ಎರಡರಲ್ಲೂ ನಡೆದದ್ದು ಒಂದೇ. ಕಾರ್ಡಿನ ಒಂದು ಸಮಸ್ಯೆ ಕಣ್ಣಿಗೆ ಬಿತ್ತು, ಅದನ್ನು ಸರಿಮಾಡಲು ಇನ್ನೇನನ್ನೋ ಬರೆದರು, ಬರೆದದ್ದನ್ನು ಆಡುವಷ್ಟು ಸಮಯ ಉಳಿದಿರಲಿಲ್ಲ. ಎರಡರಲ್ಲೂ ಸಲಕರಣೆ ತೊಡಿಸುವ ಅಗ್ಗದ ಬೆಲೆಯೇ ಕೈಕೊಟ್ಟಿತು ಅನ್ನುವುದು ಕಾಕತಾಳೀಯ ಇರಬಹುದು, ಆದರೂ ನಾನಾದರೆ ಸೊನ್ನೆ ಮತ್ತು ಒಂದು ಅನ್ನುವ ಅಂಕಿಗಳನ್ನು ಕಂಡಲ್ಲೆಲ್ಲ ಕೆಂಪು ಗೆರೆ ಎಳೆಯುತ್ತೇನೆ. ಎರಡು ಮನಾ ಮೂರಾದರೆ ಕಾರ್ಡು ಸ್ವಲ್ಪ ನಿಧಾನವಾಗುತ್ತದೆ. ಒಂದು ಸೊನ್ನೆಯಾದರೆ ಆಟದ ಸ್ವರೂಪವೇ ಬದಲಾಗುತ್ತದೆ, ಯಾಕೆಂದರೆ ಸೊನ್ನೆ ಬೆಲೆಯ ಕೆಲಸವನ್ನು ಎಷ್ಟು ಸಲ ಬೇಕಾದರೂ ಮಾಡಬಹುದು.

ಇದಕ್ಕೆ ಪರಿಹಾರ ‘ಇನ್ನಷ್ಟು ಟೆಸ್ಟ್ ಮಾಡಿ’ ಅನ್ನುವುದಲ್ಲ. ಆಗಲೇ ಹೇಳಿದೆ, ಆ ಲೆಕ್ಕದಲ್ಲಿ ತಂಡ ಗೆಲ್ಲುವುದಿಲ್ಲ. ಕೊನೆಯ ಹಂತದಲ್ಲಿ ಕಾರ್ಡನ್ನು ಬದಲಾಯಿಸಲೇಬೇಕು ಅಂತಾದರೆ ಅದನ್ನು ಸಪ್ಪೆ ಮಾಡಬೇಕು, ಚಾಲಾಕಿ ಮಾಡಬಾರದು. ಬೆಲೆ ಏರಿಸಿ. ಸಾಮರ್ಥ್ಯವನ್ನೇ ಕತ್ತರಿಸಿ. ಹೊಸ ಸಾಲು ಮಾತ್ರ ಬರೆಯಬೇಡಿ. ಒಂದು ರೇರ್ ಕಾರ್ಡು ನೀರಸವಾಯಿತು ಅಂತ ಆಟಗಾರರು ಒಂದು ವಾರ ಗೊಣಗುತ್ತಾರೆ. ಮುರಿದ ಕಾರ್ಡು ಒಂದು ಇಡೀ ಹಂಗಾಮಿನ ಪಂದ್ಯಾವಳಿಗಳನ್ನು ತಿನ್ನುತ್ತದೆ, ಅದನ್ನು ದುಡ್ಡು ಕೊಟ್ಟು ಕೊಂಡವರ ಕೈಯಲ್ಲಿ ಆಡಲಾಗದ ರಟ್ಟು ಉಳಿಯುತ್ತದೆ. ವಿನ್ಯಾಸಕರಿಗೆ ಈ ಮಾತು ಹಿಡಿಸುವುದಿಲ್ಲ. ತಮ್ಮ ಕಾರ್ಡನ್ನು ಸಪ್ಪೆ ಮಾಡುವುದು ಯಾರಿಗೂ ಇಷ್ಟವಿಲ್ಲ, ಎಲ್ಲರಿಗೂ ‘ಇನ್ನೊಂದು ಐಡಿಯಾ ಇದೆ’ ಅನ್ನಬೇಕು. ಆ ಐಡಿಯಾ ಚೆನ್ನಾಗಿಯೇ ಇರುತ್ತದೆ, ಅದನ್ನು ಮುಂದಿನ ಸೆಟ್‌ಗೆ ಇಟ್ಟುಕೊಳ್ಳಿ ಎಂದು ಹೇಳುವುದಕ್ಕೇ ನಿರ್ದೇಶಕರಿಗೆ ಸಂಬಳ.

ಬಣ್ಣಗಳ ಬಗ್ಗೆ ಸ್ವಲ್ಪ ಹೇಳಬೇಕು, ಅದೂ ಇದೇ ಜಾತಿಯ ಕೆಲಸ. ಮ್ಯಾಜಿಕ್‌ನಲ್ಲಿ ಐದು ಬಣ್ಣ, ಒಂದೊಂದಕ್ಕೂ ಒಂದೊಂದು ಸಾಮರ್ಥ್ಯ. ಅದಕ್ಕಿಂತ ಮುಖ್ಯ, ಒಂದೊಂದಕ್ಕೂ ಒಂದೊಂದು ಅಸಾಮರ್ಥ್ಯ. ಕೆಂಪು ಜೀವಿಗಳನ್ನು ಸುಡುತ್ತದೆ, ಯಂತ್ರಗಳನ್ನು ಒಡೆಯುತ್ತದೆ, ಎನ್‌ಚಾಂಟ್‌ಮೆಂಟ್ (ಮೇಜಿನ ಮೇಲೇ ಉಳಿದು ಕೆಲಸ ಮಾಡುವ ಮಂತ್ರ) ಎದುರು ಕೈಕಟ್ಟಿ ನಿಲ್ಲುತ್ತದೆ. ಈ ಕೊರತೆ ಇರುವುದರಿಂದಲೇ ಎರಡನೇ ಬಣ್ಣ ಸೇರಿಸಬೇಕೋ ಬೇಡವೋ ಅನ್ನುವ ಪ್ರಶ್ನೆ ಆಟಗಾರರಿಗೆ ಹುಟ್ಟುತ್ತದೆ. ಪ್ರತಿ ಸೆಟ್‌ನಲ್ಲೂ ಯಾರಾದರೊಬ್ಬರು ಈ ಗೆರೆ ದಾಟುವ ಸೊಗಸಾದ ಕಾರ್ಡೊಂದನ್ನು ತರುತ್ತಾರೆ. ಒಂದೇ ಒಂದು, ಏನಾಗುತ್ತದೆ? ಆ ಸೆಟ್‌ಗೆ ಏನೂ ಆಗುವುದಿಲ್ಲ. ಆದರೆ ಹಳೆಯ ಕಾರ್ಡುಗಳೆಲ್ಲ ಚಲಾವಣೆಯಲ್ಲಿರುವ ಮಾದರಿಗಳಲ್ಲಿ ಹತ್ತು ವರ್ಷದ ಇಂಥ ಒಂದೊಂದೇ ಕಾರ್ಡುಗಳು ಒಟ್ಟಿಗೆ ಕೂತಿರುತ್ತವೆ, ಬಣ್ಣಗಳ ನಡುವಿನ ವ್ಯತ್ಯಾಸ ಕರಗಿರುತ್ತದೆ. ಇದನ್ನು ಕಾಯಲೆಂದೇ ಆ ಸಂಸ್ಥೆಯಲ್ಲಿ ಬಣ್ಣಕ್ಕೊಬ್ಬರಂತೆ ಜನರಿರುವ ಒಂದು ಒಳ ಮಂಡಳಿ ಇದೆ.

ಅದೃಷ್ಟದ ವಿಚಾರದಲ್ಲಿ ನನ್ನದು ಅಷ್ಟೇನೂ ಜನಪ್ರಿಯವಲ್ಲದ ನಿಲುವು. 60 ಕಾರ್ಡಿನ ಡೆಕ್‌ನಲ್ಲಿ 24 ಲ್ಯಾಂಡ್ ಇಟ್ಟು ಕಲೆಸಿ ಏಳು ಎಳೆದರೆ, ಸುಮಾರು ಏಳರಲ್ಲಿ ಒಂದು ಸಲ ಕೈಗೆ ಒಂದೇ ಲ್ಯಾಂಡ್ ಬರುತ್ತದೆ ಅಥವಾ ಒಂದೂ ಬರುವುದಿಲ್ಲ. ಈ ಕಿರಿಕಿರಿಯನ್ನು ತಪ್ಪಿಸಲು ಬೇರೆ ಆಟಗಳು ಬೇರೆ ದಾರಿ ಹಿಡಿದವು. 2002ರ ಡ್ಯುಯೆಲ್ ಮಾಸ್ಟರ್ಸ್‌ನಲ್ಲಿ ಯಾವ ಕಾರ್ಡನ್ನಾದರೂ ಮನಾ ಮಾಡಿಕೊಳ್ಳಬಹುದು. 2014ರ ಡಿಜಿಟಲ್ ಆಟ ಹಾರ್ತ್‌ಸ್ಟೋನ್‌ನಲ್ಲಿ ಸರದಿಗೊಂದು ಮನಾ ತಾನಾಗಿ ಹತ್ತರವರೆಗೆ ಬೆಳೆಯುತ್ತದೆ. 2023ರ ಲೋರ್ಕಾನಾದಲ್ಲಿ ಗುರುತಿರುವ ಕಾರ್ಡುಗಳನ್ನು ಮಾತ್ರ ಶಾಯಿ, ಅಂದರೆ ಅಲ್ಲಿನ ಮನಾ, ಮಾಡಿಕೊಳ್ಳಬಹುದು, ಇದು ಜಾಣ ನಡೆ, ಬಲವಾದ ಕಾರ್ಡಿಗೆ ಆ ಗುರುತು ಕೊಡದೆ ಬೆಲೆ ಕಟ್ಟಬಹುದು. ಯು-ಗಿ-ಓನಲ್ಲಂತೂ ಇಂಥ ಸಂಪನ್ಮೂಲವೇ ಇಲ್ಲ, ಸರದಿಗೊಂದೇ ನಾರ್ಮಲ್ ಸಮನ್ (ಕೈಯಲ್ಲಿರುವ ಜೀವಿಯನ್ನು ಮಾಮೂಲಿ ರೀತಿಯಲ್ಲಿ ಆಟಕ್ಕಿಳಿಸುವುದು) ಅನ್ನುವುದು ಅಲ್ಲಿನ ಲಗಾಮು. ಆ ಲಗಾಮನ್ನು ತಪ್ಪಿಸುವ ಕಾರ್ಡುಗಳು ಹೆಚ್ಚಿದಷ್ಟೂ ನಿಷೇಧದ ಪಟ್ಟಿಯ ಮೇಲೆ ಭಾರ ಬೀಳುತ್ತದೆ. ಇಷ್ಟೆಲ್ಲ ನೋಡಿದ ಮೇಲೂ ನಾನು ಲ್ಯಾಂಡ್ ಪರ. ಕೆಟ್ಟ ಕೈ ಬರುವ ಆಟದಲ್ಲಿ ಹೊಸಬರು ಪಳಗಿದವರನ್ನು ಆಗೊಮ್ಮೆ ಈಗೊಮ್ಮೆ ಸೋಲಿಸುತ್ತಾರೆ, ಮತ್ತೆ ಆಡಲು ಬರುತ್ತಾರೆ. 2019ರಲ್ಲಿ ಮ್ಯಾಜಿಕ್‌ನಲ್ಲಿ, ಮೊದಲು ಎಳೆದ ಕೈ ಹಿಡಿಸದಿದ್ದರೆ ಬದಲಾಯಿಸುವ ನಿಯಮವನ್ನು ಸಡಿಲಿಸಿದರು: ಪ್ರತಿಸಲ ಏಳೂ ಎಳೆದು, ಎಷ್ಟು ಸಲ ಬದಲಾಯಿಸಿದಿರೋ ಅಷ್ಟು ಕಾರ್ಡು ಡೆಕ್‌ನ ಅಡಿಗೆ ಇಡಬೇಕು. ಅಷ್ಟು ಸಾಕು ಅನ್ನುವವನು ನಾನು.

ಕಾಮನ್ ಕಾರ್ಡುಗಳು ಸರಳವಾಗಿರಬೇಕು, ಹೆಚ್ಚು ಓದಿಸುವ ಅಥವಾ ಇಡೀ ಮೇಜನ್ನು ಲೆಕ್ಕ ಹಾಕಿಸುವ ಕಾಮನ್‌ಗಳು ಐದರಲ್ಲೊಂದಕ್ಕಿಂತ ಹೆಚ್ಚಿರಬಾರದು ಎಂದು ರೋಸ್‌ವಾಟರ್ 2011ರಲ್ಲಿ ಬರೆದರು. ಪ್ಯಾಕ್‌ನಲ್ಲಿ ಹೊಸಬರ ಕೈಗೆ ಹೆಚ್ಚು ಸಿಗುವುದು ಕಾಮನ್ ತಾನೇ. ಅದಕ್ಕೆ ನಾನು ಸೇರಿಸುವುದೇನೂ ಇಲ್ಲ.

ಕೊನೆಗೆ ಸಭಿಕರು ಕೇಳಿದ ಪ್ರಶ್ನೆಗಳು.

ಡಿಜಿಟಲ್ ಆಟಗಳಲ್ಲಿ ಈ ಅಚ್ಚಿನ ತಲೆನೋವೇ ಇಲ್ಲವಲ್ಲ ಎಂದು ಒಬ್ಬರು ಕೇಳಿದರು. ನಿಜ. ಹಾರ್ತ್‌ಸ್ಟೋನ್‌ನಲ್ಲಿ ಕಾರ್ಡಿನ ಬಲ ಇಳಿಸಿದಾಗ ಅದನ್ನು ಪುಡಿಮಾಡಿ ಪೂರ್ತಿ ಬೆಲೆ ವಾಪಸ್ ಪಡೆಯಲು ಕೆಲಕಾಲ ಅವಕಾಶ ಕೊಡುತ್ತಾರೆ, ನ್ಯಾಯವಾದ ಪದ್ಧತಿ. ಆದರೆ ನಾಳೆ ತಿದ್ದಬಹುದು ಅನ್ನುವುದು ಗೊತ್ತಿದ್ದರೆ ಇವತ್ತಿನ ಸಭೆಯಲ್ಲಿ ಯಾರೂ ಪಟ್ಟು ಹಿಡಿಯುವುದಿಲ್ಲ. ಕಾರ್ಡು ಪದೇ ಪದೇ ಬದಲಾಗುತ್ತಿದ್ದರೆ ಆಟಗಾರರಿಗೂ ನೆನಪಿಟ್ಟುಕೊಳ್ಳುವ ಉಮೇದು ಇರುವುದಿಲ್ಲ.

ಒಳಗೇನಿದೆ ಎಂದು ಗೊತ್ತಿಲ್ಲದ ಪ್ಯಾಕ್ ಮಾರುವುದು ಜೂಜಲ್ಲವೇ ಎಂಬುದು ಇನ್ನೊಬ್ಬರ ಪ್ರಶ್ನೆ. ಅದು ಮಾರಾಟ ವಿಭಾಗದ್ದು ಎಂದು ವಿನ್ಯಾಸದವರು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಯಾವ ಕಾರ್ಡು ಯಾವ ದರ್ಜೆಯಲ್ಲಿ ಇರಬೇಕು ಅನ್ನುವುದನ್ನು ಬರೆಯುವವರು ನಾವೇ. ಪಂದ್ಯ ಗೆಲ್ಲಲು ಬೇಕೇಬೇಕಾದ ಲ್ಯಾಂಡ್‌ಗಳನ್ನು ರೇರ್‌ನಲ್ಲಿ ಇಡುವುದು ವಿನ್ಯಾಸದ ತೀರ್ಮಾನ. ಬೇರೆ ದಾರಿಗಳೂ ಇವೆ. ಫ್ಯಾಂಟಸಿ ಫ್ಲೈಟ್ ಗೇಮ್ಸ್ ‘ಲಿವಿಂಗ್ ಕಾರ್ಡ್ ಗೇಮ್’ ಹೆಸರಿನಲ್ಲಿ ಒಳಗಿನ ಕಾರ್ಡುಗಳು ನಿಗದಿಯಾಗಿರುವ ಪ್ಯಾಕ್‌ಗಳನ್ನೇ ಮಾರಿತು. ಗಾರ್ಫೀಲ್ಡ್ ಅವರೇ 2018ರ ಕೀಫೋರ್ಜ್‌ನಲ್ಲಿ ಪ್ರತಿ ಡೆಕ್ಕೂ ಬೇರೆ, ಯಾವುದನ್ನೂ ಒಡೆದು ಸೇರಿಸುವಂತಿಲ್ಲ ಎಂದು ಮಾಡಿದರು. ಪ್ಯಾಕ್ ಒಡೆದು ಅದರಲ್ಲೇ ಆಡುವ ಡ್ರಾಫ್ಟ್ ಚೆನ್ನಾಗಿದ್ದರೆ ದುಡ್ಡಿಗೆ ಒಂದು ಸಂಜೆಯ ಆಟವಾದರೂ ಸಿಗುತ್ತದೆ. ಡ್ರಾಫ್ಟ್ ಕೂಡ ಕೆಟ್ಟದಾಗಿದ್ದರೆ ನಿಮ್ಮ ಪ್ರಶ್ನೆಗೆ ಹೌದು ಅನ್ನಬೇಕಾಗುತ್ತದೆ.

ಈ ಕೆಲಸಕ್ಕೆ ಸೇರುವುದು ಹೇಗೆ ಎಂದು ಕೇಳಿದವರು ಮೂರ್ನಾಲ್ಕು ಜನ. ವಿಝರ್ಡ್ಸ್ 2006ರಿಂದ ಮೂರು ಸಲ ‘ಗ್ರೇಟ್ ಡಿಸೈನರ್ ಸರ್ಚ್’ ಎಂಬ ಬಹಿರಂಗ ಸ್ಪರ್ಧೆ ನಡೆಸಿತು. ಪ್ರಬಂಧ, ಬಹು ಆಯ್ಕೆಯ ಪ್ರಶ್ನೆಗಳು, ಅದು ದಾಟಿದವರಿಗೆ ಕಾರ್ಡು ಬರೆಯುವ ಸುತ್ತುಗಳು. ಅದರಲ್ಲಿ ಕೊನೆಯವರೆಗೆ ಬಂದ ಹಲವರಿಗೆ ಕೆಲಸ ಸಿಕ್ಕಿತು. ನನ್ನ ಹತ್ತಿರ ಬಂದವರಿಗೆ ನಾನು ಕೊಡುವುದು ಇನ್ನೂ ಚಿಕ್ಕ ಪರೀಕ್ಷೆ. ಹಳೆಯ ಸೆಟ್‌ನಿಂದ ಒಂದು ಕಾಮನ್ ಕಿತ್ತು ಹಾಕಿ. ಅದೇ ಬಣ್ಣ, ಅದೇ ಬೆಲೆ, ಅದೇ ಚಿತ್ರಕ್ಕೆ ಹೊಂದುವ ಇನ್ನೊಂದನ್ನು ಬರೆಯಿರಿ, ಸೆಟ್‌ನಲ್ಲಿ ಆಗಲೇ ಇರುವ ಬೇರೆ ಕಾರ್ಡಿನ ಕೆಲಸವನ್ನು ಅದು ಮತ್ತೆ ಮಾಡಬಾರದು. ಬರೆದು ತಂದ ಕಾರ್ಡನ್ನು ಆಮೇಲೆ ಓದುತ್ತೇನೆ. ಮೊದಲು ಕೇಳುವುದು, ಇದನ್ನು ಯಾವ ಯಾವ ಡೆಕ್‌ನಲ್ಲಿ ಹಾಕಿ ಆಡಿ ನೋಡಿದಿರಿ ಅಂತ.